ಗೊಬ್ಬರದ ರಂಜಕ ಬೆಳೆಗೆ ಎಷ್ಟು ಸಿಗುತ್ತದೆ? ಅಳೆದು, ಲೆಕ್ಕ ಹಾಕಿ, ಮಣ್ಣಿಗೆ ಸೇರಿಸುವ ಕ್ರಮ

ಕೊಟ್ಟಿಗೆ ಗೊಬ್ಬರವಾಗಲಿ, ಕುರಿ ಹಿಕ್ಕೆಯಾಗಲಿ, ಕೋಳಿ ಗೊಬ್ಬರವಾಗಲಿ, ಹೆಚ್ಚಿನವರು ಹಾಕುವುದು ಲೋಡಿನ ಲೆಕ್ಕದಲ್ಲಿ. ಇನ್ನೂ ಕೆಲವರು ಸಾರಜನಕದ ಲೆಕ್ಕ ಹಿಡಿಯುತ್ತಾರೆ. ರಂಜಕದ ಲೆಕ್ಕ ಹಿಡಿಯುವವರು ತೀರಾ ಕಡಿಮೆ. ಇದರಿಂದ ಎರಡು ಬಗೆಯ ನಷ್ಟವಾಗುತ್ತದೆ. ಗೊಬ್ಬರ ಕಾಣದ ಹೊಲದಲ್ಲಿ ಬೆಳೆ ಕುಗ್ಗುತ್ತದೆ. ಕೊಟ್ಟಿಗೆಗೆ ಹತ್ತಿರವಿರುವ ಹೊಲದಲ್ಲಿ ರಂಜಕ ವರ್ಷವರ್ಷವೂ ಪೇರುತ್ತಾ ಹೋಗಿ, ಕೊನೆಗೆ ಮಳೆನೀರಿನ ಜೊತೆ ಕೆರೆ ಸೇರುತ್ತದೆ. ಗೊಬ್ಬರದ ಪ್ರಮಾಣವನ್ನು ರಂಜಕದ ಲೆಕ್ಕದಲ್ಲೇ ನಿಗದಿ ಮಾಡಬೇಕು, ಸಾರಜನಕದ ಕೊರತೆಯನ್ನು ಬೇರೆ ಮೂಲದಿಂದ ತುಂಬಬೇಕು ಎಂಬುದು ನಮ್ಮ ಖಚಿತ ನಿಲುವು. ಅದನ್ನು ಮಾಡುವ ಕ್ರಮ ಇಲ್ಲಿದೆ.

ಮೊದಲು ತಿಳಿದಿರಬೇಕಾದದ್ದು

ಮಣ್ಣಿನಲ್ಲಿ ಒಟ್ಟು ರಂಜಕ ಕಡಿಮೆ ಇರುವುದು ಅಪರೂಪ. ಒಂದು ಕಿಲೋ ಮಣ್ಣಿನಲ್ಲಿ ಸಾಮಾನ್ಯವಾಗಿ 200ರಿಂದ 1500 ಮಿಲಿಗ್ರಾಂವರೆಗೂ ಇರುತ್ತದೆ. ಆದರೆ ಬೇರು ಹೀರುವುದು ಮಣ್ಣಿನ ತೇವದಲ್ಲಿ ಕರಗಿರುವ ಫಾಸ್ಫೇಟನ್ನು ಮಾತ್ರ. ಅದು ಲೀಟರಿಗೆ ಒಂದು ಮಿಲಿಗ್ರಾಂನ ಸಣ್ಣ ಭಾಗವಷ್ಟೇ. ಉಳಿದದ್ದು ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಂಡಿರುತ್ತದೆ, ಸುಣ್ಣದ ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗಿ ಕೂತಿರುತ್ತದೆ, ಇಲ್ಲವೇ ಸಾವಯವ ರೂಪದಲ್ಲಿರುತ್ತದೆ. ರಸಸಾರ (ಪಿಎಚ್, ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 7ರ ನಡುವೆ ಇದ್ದಾಗ ಈ ಹಿಡಿತ ಸಡಿಲವಾಗಿರುತ್ತದೆ. ಜೊತೆಗೆ ರಂಜಕ ಮಣ್ಣಿನಲ್ಲಿ ಹೆಚ್ಚು ದೂರ ಚಲಿಸುವುದಿಲ್ಲ. ಒಂದು ಬೆಳೆಯ ಅವಧಿಯಲ್ಲಿ ಅದು ಸಾಗುವುದು ಕೆಲವೇ ಮಿಲಿಮೀಟರು. ಹಾಗಾಗಿ ಬೇರು ಮತ್ತು ಬೇರಿಗಂಟಿದ ಮೈಕೋರೈಜಾ ಶಿಲೀಂಧ್ರವೇ ರಂಜಕವನ್ನು ಹುಡುಕಿಕೊಂಡು ಹೋಗಬೇಕು.

ಗೊಬ್ಬರದ ರಂಜಕ ನಿಧಾನವಾಗಿ ಸಿಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ದನದ ಸಗಣಿಯ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಅಜೈವಿಕ ಫಾಸ್ಫೇಟ್ ರೂಪದಲ್ಲಿರುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಕಾಳಿನ ಫೈಟೇಟನ್ನು, ಅಂದರೆ ಕಾಳು ರಂಜಕ ಕೂಡಿಡುವ ಸಾವಯವ ರೂಪವನ್ನು, ಒಡೆದಿರುತ್ತವೆ. ಕೋಳಿ ಮತ್ತು ಹಂದಿಯ ಹೊಟ್ಟೆಯಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲವಾದ್ದರಿಂದ ಅವುಗಳ ಗೊಬ್ಬರದಲ್ಲಿ ಫೈಟೇಟ್ ಪಾಲು ಜಾಸ್ತಿ. ಮೊಟ್ಟೆ ಕೋಳಿಯ ಗೊಬ್ಬರದಲ್ಲಿ ಮೇವಿನ ಸುಣ್ಣದಿಂದಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಹೆಚ್ಚು. ಗಂಜಲದಲ್ಲಿ ಸಾರಜನಕ, ಪೊಟ್ಯಾಷ್ ಚೆನ್ನಾಗಿರುತ್ತವೆ, ರಂಜಕ ಮಾತ್ರ ನಗಣ್ಯ. ದನದ ದೇಹದಿಂದ ಹೊರಬರುವ ರಂಜಕವೆಲ್ಲ ಬಹುತೇಕ ಸಗಣಿಯಲ್ಲೇ ಇರುತ್ತದೆ.

ಗೊಬ್ಬರದಿಂದ ಇನ್ನೊಂದು ಲಾಭವಿದೆ. ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಮತ್ತು ಹ್ಯೂಮಸ್ (ಕೊಳೆತು ಉಳಿದ ಕಪ್ಪು ಸಾವಯವ ಪದಾರ್ಥ), ಫಾಸ್ಫೇಟ್ ಅಂಟಿಕೊಳ್ಳಬೇಕಾದ ಜಾಗವನ್ನು ತಾವೇ ಆಕ್ರಮಿಸುತ್ತವೆ. ಹುಳಿ ಮಣ್ಣಿನಲ್ಲಿ ಗೊಬ್ಬರ ರಸಸಾರವನ್ನೂ ತುಸು ಏರಿಸುತ್ತದೆ. ಹೀಗಾಗಿ ಗೊಬ್ಬರ ತಾನು ತಂದ ರಂಜಕವನ್ನು ಕೊಡುವುದಲ್ಲದೆ, ಜೊತೆಯಲ್ಲಿ ಹಾಕಿದ ರಸಗೊಬ್ಬರದ ರಂಜಕ ಬೇಗ ಗಟ್ಟಿಯಾಗುವುದನ್ನೂ ತಡೆಯುತ್ತದೆ.

ಹಂತ 1: ಮಣ್ಣಿನ ಮಾದರಿ

ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ. ಹಾಕಿದ ಮೇಲೆ ತೆಗೆದರೆ ಒಂದು ಸಣ್ಣ ಹೆಂಟೆ ಗೊಬ್ಬರ ಸೇರಿದರೂ ಫಲಿತಾಂಶ ಹಾಳಾಗುತ್ತದೆ.

ಒಂದೇ ಬಗೆಯ ಮಣ್ಣು, ಒಂದೇ ಬಗೆಯ ಬೆಳೆ ಕಂಡ ತುಂಡನ್ನು ಒಂದು ಘಟಕವೆಂದು ಹಿಡಿದು, ಅಂಕುಡೊಂಕಾಗಿ ನಡೆಯುತ್ತಾ 15ರಿಂದ 20 ಕಡೆ ಮಾದರಿ ತೆಗೆಯಿರಿ. ಪ್ರತಿ ಜಾಗದಲ್ಲಿ ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳದ ವಿ ಆಕಾರದ ಗುಂಡಿ ತೋಡಿ, ಅದರ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಬೆರಳು ದಪ್ಪದ ಪದರ ಕೆರೆದುಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲೇ ಒಣಗಿಸಿ.

ತಿಪ್ಪೆ ಇದ್ದ ಜಾಗ, ದನ ಕಟ್ಟುತ್ತಿದ್ದ ಜಾಗ, ಬದುವಿನ ಅಂಚು, ಮರದ ಬುಡ, ಹಿಂದೆ ಗೊಬ್ಬರದ ಗುಡ್ಡೆ ಇಳಿಸಿದ್ದ ಕಡೆ ಇವನ್ನು ಬಿಡಬೇಕು. ತಿಪ್ಪೆ ತೆಗೆದು ಹಲವು ವರ್ಷವಾಗಿದ್ದರೂ ಆ ಜಾಗದ ರಂಜಕ ಸುತ್ತಲಿನದಕ್ಕಿಂತ ಬಹಳ ಮೇಲಿರುತ್ತದೆ. ಅಲ್ಲಿನ ಒಂದು ಹಿಡಿ ಮಣ್ಣು ಇಡೀ ಹೊಲದ ಸರಾಸರಿಯನ್ನು ಸುಳ್ಳು ಮಾಡುತ್ತದೆ. ಉಳುಮೆ ಮಾಡದೆ ಮೇಲೆಯೇ ಗೊಬ್ಬರ ಹರಡುವ ಹೊಲವಾದರೆ 0–5 ಸೆಂ.ಮೀ. ಮತ್ತು 5–15 ಸೆಂ.ಮೀ. ಪದರಗಳನ್ನು ಬೇರೆಬೇರೆಯಾಗಿ ಕಳಿಸಿ. ಅಂಥ ಕಡೆ ರಂಜಕವೆಲ್ಲ ಮೇಲಿನ ಪದರದಲ್ಲೇ ಕೂತಿರುತ್ತದೆ. ಆ ಪದರ ಒಣಗಿದ ಕೂಡಲೇ ಬೆಳೆಗೆ ಸಿಗದಂತಾಗುತ್ತದೆ, ಹರಿಯುವ ನೀರಿಗೆ ಮಾತ್ರ ಸುಲಭವಾಗಿ ಸಿಗುತ್ತದೆ.

ಹಂತ 2: ಸರಿಯಾದ ಪರೀಕ್ಷೆ ಕೇಳಿ ಪಡೆಯುವುದು

ರಸಸಾರ 6.5ಕ್ಕಿಂತ ಮೇಲಿದ್ದರೆ ಓಲ್ಸೆನ್ ವಿಧಾನ ಸೂಕ್ತ. ಇದರಲ್ಲಿ 8.5 ರಸಸಾರದ 0.5 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಿಂದ ರಂಜಕ ತೆಗೆಯುತ್ತಾರೆ. ಹುಳಿ ಮಣ್ಣಿಗೆ ಬ್ರೇ ವಿಧಾನ ನಡೆಯುತ್ತದೆ. ಸುಣ್ಣದ ಮಣ್ಣಿಗೆ ಬ್ರೇ ಮಾಡಿಸಬೇಡಿ. ದ್ರಾವಣದ ಆಮ್ಲವನ್ನು ಸುಣ್ಣವೇ ನುಂಗಿಬಿಡುವುದರಿಂದ ಅಂಕಿ ಇರುವುದಕ್ಕಿಂತ ಕಡಿಮೆ ಬರುತ್ತದೆ. ಮೆಹ್ಲಿಚ್-3 ಎಂಬ ಇನ್ನೊಂದು ವಿಧಾನ ಹಲವು ಪೋಷಕಾಂಶಗಳನ್ನು ಒಟ್ಟಿಗೆ ಅಳೆಯಲು ಅನುಕೂಲ. ಆದರೆ ಕೋಳಿ ಗೊಬ್ಬರ ಬಹಳ ವರ್ಷ ಕಂಡ ಮಣ್ಣಿನಲ್ಲಿ ಅದು ಕ್ಯಾಲ್ಸಿಯಂ ಫಾಸ್ಫೇಟನ್ನೂ ಕರಗಿಸಿ, ಬೆಳೆಗೆ ಸಿಗುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಯಾವ ವಿಧಾನ ಆರಿಸಿದರೂ ಮುಂದಿನ ವರ್ಷಗಳಲ್ಲಿ ಅದನ್ನೇ ಮುಂದುವರಿಸಿ. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಪಟ್ಟಿಗೆ ಹೋಲಿಸಬಾರದು.

ಗೊಬ್ಬರ ಚೆನ್ನಾಗಿ ಕಂಡ ಮಣ್ಣಿನ ಓಲ್ಸೆನ್ ದ್ರಾವಣ ಹ್ಯೂಮಸ್‌ನಿಂದ ಚಹಾದ ಬಣ್ಣಕ್ಕೆ ತಿರುಗುತ್ತದೆ. ರಂಜಕವನ್ನು ಅಳೆಯುವುದು ನೀಲಿ ಬಣ್ಣದ ಗಾಢತೆಯಿಂದಾದ್ದರಿಂದ ಈ ಕಂದು ಬಣ್ಣ ಅಂಕಿಯನ್ನು ಕೆಡಿಸುತ್ತದೆ. ರಂಜಕರಹಿತ ಇದ್ದಿಲ ಪುಡಿಯಿಂದ ಬಣ್ಣ ತೆಗೆಯುತ್ತಾರೆಯೇ, ಇಲ್ಲವೇ ಬಣ್ಣಕ್ಕೆ ಪ್ರತ್ಯೇಕ ಖಾಲಿ ಮಾದರಿ ಇಡುತ್ತಾರೆಯೇ ಎಂದು ಪ್ರಯೋಗಾಲಯದಲ್ಲಿ ವಿಚಾರಿಸಿ. ಇದ್ದಿಲಲ್ಲೇ ರಂಜಕವಿದ್ದರೆ ಅಂಕಿ ತಪ್ಪುತ್ತದೆ.

ಓಲ್ಸೆನ್ ಅಂಕಿ ಕಿಲೋ ಮಣ್ಣಿಗೆ 10 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ, 10ರಿಂದ 20 ಮಧ್ಯಮ, 25 ದಾಟಿದರೆ ಹೆಚ್ಚಿನ ಹೊಲಬೆಳೆಗಳಿಗೆ ಹೊಸ ರಂಜಕದಿಂದ ಇಳುವರಿ ಏರುವುದಿಲ್ಲ. ಹೆಕ್ಟೇರಿಗೆ ಕಿಲೋ ಲೆಕ್ಕ ಬೇಕಿದ್ದರೆ, 15 ಸೆಂ.ಮೀ. ಆಳಕ್ಕೆ ಈ ಅಂಕಿಯನ್ನು 2.24ರಿಂದ ಗುಣಿಸಿ.

ಹಂತ 3: ಗೊಬ್ಬರದ ಮಾದರಿ

ಪುಸ್ತಕದ ಸರಾಸರಿ ನಂಬಿ ಲೆಕ್ಕ ಹಾಕಬೇಡಿ. ಮೇವು, ಹಾಸು, ಮಣ್ಣಿನ ಬೆರಕೆ, ಮಳೆಗೆ ತೊಯ್ದದ್ದು ಇವುಗಳಿಂದ ಒಂದು ತಿಪ್ಪೆಗೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ ಸಹಜ. ಗುಡ್ಡೆಯ 10–12 ಕಡೆ ಹೊರಗಿನ ಒಣ ಪದರ ಸರಿಸಿ, ಮೊಳದಷ್ಟು ಒಳಗಿನಿಂದ ತೆಗೆದು ಬೆರೆಸಿ ಒಂದು ಕಿಲೋ ಮಾಡಿ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ತಂಪಾಗಿಟ್ಟು, ಎರಡು ದಿನದೊಳಗೆ ತಲುಪಿಸಿ. ಒಣತೂಕ, ಒಟ್ಟು ಸಾರಜನಕ, ಅಮೋನಿಯಂ, ಒಟ್ಟು ರಂಜಕ, ನೀರಿನಲ್ಲಿ ಕರಗುವ ರಂಜಕ, ಇಂಗಾಲ ಇಷ್ಟನ್ನು ಕೇಳಿ.

ವರದಿ ಬಂದಾಗ ಎರಡು ವಿಷಯ ನೋಡಿಯೇ ಮುಂದೆ ಹೋಗಿ. ಅಂಕಿ ಒಣ ಗೊಬ್ಬರದ್ದೋ ಹಸಿ ಗೊಬ್ಬರದ್ದೋ? ರಂಜಕವನ್ನು ಶುದ್ಧ ರಂಜಕವಾಗಿ ಕೊಟ್ಟಿದ್ದಾರೋ, ಪಿ2ಓ5 (ರಂಜಕದ ಆಕ್ಸೈಡ್) ರೂಪದಲ್ಲೋ? ಪಿ2ಓ5 ಇದ್ದರೆ 0.44ರಿಂದ ಗುಣಿಸಿ, ರಂಜಕ ಬರುತ್ತದೆ. ಲೆಕ್ಕ ಎರಡು ಪಟ್ಟು ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಇಂಗಾಲವನ್ನು ರಂಜಕದಿಂದ ಭಾಗಿಸಿ. 200ಕ್ಕಿಂತ ಕಡಿಮೆ ಬಂದರೆ ಗೊಬ್ಬರ ಕೊಳೆಯುವಾಗ ರಂಜಕ ಬಿಡುಗಡೆಯಾಗುತ್ತದೆ. 300 ದಾಟಿದರೆ ಸೂಕ್ಷ್ಮಜೀವಿಗಳು ಮಣ್ಣಿನ ರಂಜಕವನ್ನೂ ತಾವೇ ಹಿಡಿದುಕೊಂಡು ಬೆಳೆಗೆ ಸ್ವಲ್ಪ ಕಾಲ ಕೊರತೆ ಮಾಡುತ್ತವೆ. ಶೇ 35 ಇಂಗಾಲ, ಶೇ 0.35 ರಂಜಕವಿರುವ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಈ ಅನುಪಾತ 100. ಅದು ಚೆನ್ನ. ಮರದ ಹೊಟ್ಟನ್ನು ದಂಡಿಯಾಗಿ ಹಾಸಿದ ಗೊಬ್ಬರದಲ್ಲಿ ಶೇ 42 ಇಂಗಾಲ, ಶೇ 0.12 ರಂಜಕ ಇದ್ದರೆ ಅದು 350 ಆಗುತ್ತದೆ. ಅಂಥದ್ದನ್ನು ಇನ್ನಷ್ಟು ಕಳಿಯಲು ಬಿಡಬೇಕು.

ಹಂತ 4: ಲೆಕ್ಕ

ಒಂದು ಉದಾಹರಣೆ. ಹೆಕ್ಟೇರಿಗೆ 5 ಟನ್ ಕಾಳು ಕೊಡುವ ಮುಸುಕಿನ ಜೋಳ ಕಾಳು ಮತ್ತು ದಂಟು ಸೇರಿ ಸುಮಾರು 20 ಕಿಲೋ ರಂಜಕ ಒಯ್ಯುತ್ತದೆ. ಸಾರಜನಕ 120 ಕಿಲೋ ಬೇಕು ಎಂದಿಟ್ಟುಕೊಳ್ಳಿ. ಕೈಯಲ್ಲಿರುವ ಕೊಟ್ಟಿಗೆ ಗೊಬ್ಬರದಲ್ಲಿ ಒಣತೂಕ ಶೇ 60, ಒಣ ಲೆಕ್ಕದಲ್ಲಿ ಸಾರಜನಕ ಶೇ 1.2, ರಂಜಕ ಶೇ 0.35.

ಒಂದು ಟನ್ ಹಸಿ ಗೊಬ್ಬರದಲ್ಲಿ 600 ಕಿಲೋ ಒಣ ಪದಾರ್ಥ. ಅದರಲ್ಲಿ ರಂಜಕ 2.1 ಕಿಲೋ, ಸಾರಜನಕ 7.2 ಕಿಲೋ. ಮೊದಲ ವರ್ಷ ಸಾರಜನಕದ ಶೇ 30 ಮಾತ್ರ ಸಿಗುತ್ತದೆಂದು ಹಿಡಿದರೆ 2.16 ಕಿಲೋ.

ಸಾರಜನಕಕ್ಕಾಗಿ ಗೊಬ್ಬರ ಹಾಕಲು ಹೊರಟರೆ 120 ÷ 2.16, ಅಂದರೆ ಸುಮಾರು 55 ಟನ್ ಬೇಕು. ಅದರೊಂದಿಗೆ 115 ಕಿಲೋಗೂ ಮೀರಿ ರಂಜಕ ಬರುತ್ತದೆ. ಬೆಳೆ ಒಯ್ಯುವುದು 20. ಪ್ರತಿ ವರ್ಷ 95 ಕಿಲೋ ಉಳಿಯುತ್ತದೆ. ರಂಜಕದ ಲೆಕ್ಕ ಹಿಡಿದರೆ 10 ಟನ್ ಸಾಕು: 21 ಕಿಲೋ ರಂಜಕ, 22 ಕಿಲೋದಷ್ಟು ಸಿಗುವ ಸಾರಜನಕ. ಉಳಿದ ಸಾರಜನಕವನ್ನು ಹಿಂದಿನ ದ್ವಿದಳ ಬೆಳೆ, ಹಸಿರೆಲೆ ಗೊಬ್ಬರ, ಗಂಜಲ, ಯೂರಿಯಾ ಯಾವುದರಿಂದಾದರೂ ಕೊಡಿ.

ಕೋಳಿ ಗೊಬ್ಬರದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಒಣತೂಕ ಶೇ 70, ರಂಜಕ ಶೇ 1.3 ಇದ್ದರೆ ಟನ್ನಿಗೆ 9.1 ಕಿಲೋ ರಂಜಕ. 2.2 ಟನ್ ಹಾಕಿದರೆ ಮುಗಿಯಿತು. ಇಷ್ಟು ಸಣ್ಣ ಪ್ರಮಾಣವನ್ನು ಸಮನಾಗಿ ಹರಡುವುದು ಕಷ್ಟ. ಎರಡು ವರ್ಷದ ಪಾಲನ್ನು ಒಮ್ಮೆಗೇ ಹಾಕಿ ಮುಂದಿನ ವರ್ಷ ಬಿಡುವುದು ಒಳ್ಳೆಯ ದಾರಿ.

ಇನ್ನು ಆ ವರ್ಷದ ಲಭ್ಯತೆ. ಓಲ್ಸೆನ್ ಅಂಕಿ ಮಧ್ಯಮಕ್ಕಿಂತ ಮೇಲಿದ್ದರೆ ಗೊಬ್ಬರದ ಒಟ್ಟು ರಂಜಕವನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ವರ್ಷ ಸಿಗದ್ದು ಮಣ್ಣಿನಲ್ಲೇ ಉಳಿದು ಮುಂದೆ ಸಿಗುತ್ತದೆ. ಅಂಕಿ 10ಕ್ಕಿಂತ ಕಡಿಮೆ ಇದ್ದರೆ ಶೇ 60ರಿಂದ 70 ಮಾತ್ರ ಈ ಬೆಳೆಗೆ ಎಂದು ಹಿಡಿದು, ಬಿತ್ತನೆ ಸಾಲಿನಲ್ಲಿ ಹೆಕ್ಟೇರಿಗೆ 5–10 ಕಿಲೋ ರಂಜಕ ಬರುವಂತೆ ಸೂಪರ್ ಫಾಸ್ಫೇಟ್ ಅಥವಾ ಡಿಎಪಿ ಕೊಡಿ. ಎಳೆಯ ಸಸಿಯ ಬೇರು ಚಿಕ್ಕದು. ಮೊದಲ ಮೂರು ವಾರ ಹತ್ತಿರದಲ್ಲೇ ರಂಜಕ ಇರಬೇಕು.

ಹೊಲಕ್ಕೆ ನಿಜವಾಗಿ ಎಷ್ಟು ಬಿತ್ತು ಎಂದು ತಿಳಿಯಲು ಗೊಬ್ಬರವನ್ನು ತೂಗಲೇಬೇಕು. 20 ಲೀಟರ್ ಬಕೆಟ್ಟಿನಲ್ಲಿ ಗೊಬ್ಬರ ತುಂಬಿ, ಗಾಡಿಯಲ್ಲಿ ಅದು ಎಷ್ಟು ಅದುಮಿಕೊಳ್ಳುತ್ತದೋ ಅಷ್ಟೇ ಅದುಮಿ ತೂಗಿ. 11 ಕಿಲೋ ಬಂದರೆ ಘನಮೀಟರಿಗೆ 550 ಕಿಲೋ. ಟ್ರೇಲರಿನ ಉದ್ದ, ಅಗಲ, ಎತ್ತರ ಅಳೆದು ಗುಣಿಸಿದರೆ ಲೋಡಿನ ತೂಕ ಸಿಗುತ್ತದೆ.

ಹಂತ 5: ನಿಮ್ಮ ಮಣ್ಣಿನಲ್ಲೇ ಲಭ್ಯತೆ ಅಳೆಯುವುದು

ದೊಡ್ಡ ಪ್ರದೇಶಕ್ಕೆ ಗೊಬ್ಬರ ಹಾಕುವವರು, ಕೃಷಿ ವಿದ್ಯಾರ್ಥಿಗಳು ಈ ಡಬ್ಬಿ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಎಂಟು ವಾರ ಹಿಡಿಯುತ್ತದೆ, ಆದರೆ ಬೇರೆಲ್ಲೂ ಸಿಗದ ಉತ್ತರ ಕೊಡುತ್ತದೆ.

1. ಹೊಲದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಒರಟು ಜರಡಿಯಲ್ಲಿ ಸೋಸಿ, ಒಂಬತ್ತು ಡಬ್ಬಿಗಳಿಗೆ ತಲಾ 2 ಕಿಲೋ ತುಂಬಿ.
2. ಮೂರು ಡಬ್ಬಿಗೆ ಏನೂ ಬೇಡ. ಇನ್ನು ಮೂರಕ್ಕೆ ತಲಾ 9 ಗ್ರಾಂ ಗೊಬ್ಬರ ಬೆರೆಸಿ. ಇದು ಹೆಕ್ಟೇರಿಗೆ 10 ಟನ್ನಿಗೆ ಸಮ. ಗೊಬ್ಬರವನ್ನು ಕೈಯಲ್ಲಿ ಪುಡಿ ಮಾಡಿ ಸಣ್ಣ ಜರಡಿ ಹಿಡಿಯಿರಿ. ಒಲೆಯಲ್ಲಿ ಒಣಗಿಸಬೇಡಿ, ಒಣಗಿದರೆ ಕರಗುವ ರಂಜಕದ ಪ್ರಮಾಣವೇ ಬದಲಾಗುತ್ತದೆ.
3. ಕೊನೆಯ ಮೂರಕ್ಕೆ ಅಷ್ಟೇ ರಂಜಕವನ್ನು ಕರಗುವ ಗೊಬ್ಬರವಾಗಿ ಕೊಡಿ. 0:52:34 ಎಂದು ಸಿಗುವ ಮೊನೊ ಪೊಟ್ಯಾಸಿಯಂ ಫಾಸ್ಫೇಟ್ 4.1 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಡಬ್ಬಿಗೆ 20 ಮಿ.ಲೀ. ಹಾಕಿ ಬೆರೆಸಿ. ಇದರಿಂದ ಕಿಲೋ ಮಣ್ಣಿಗೆ ಸುಮಾರು 9.4 ಮಿಲಿಗ್ರಾಂ ರಂಜಕ ಸೇರುತ್ತದೆ, ಮೇಲಿನ ಉದಾಹರಣೆಯ ಗೊಬ್ಬರದಿಂದ ಬರುವಷ್ಟೇ. ನಿಮ್ಮ ಗೊಬ್ಬರದ ರಂಜಕ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಿಸಿ.
4. ಎಲ್ಲ ಡಬ್ಬಿಗೂ ಒಂದೇ ಪ್ರಮಾಣದ ನೀರು ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ತಟ್ಟಿದರೆ ಒಡೆಯುವ ಹದಕ್ಕೆ ತನ್ನಿ. ತೂತು ಮಾಡಿದ ಮುಚ್ಚಳ ಹಾಕಿ, ತೂಕ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ತೂಗಿ, ಕಡಿಮೆಯಾದಷ್ಟೇ ನೀರು ಸೇರಿಸಿ. ನೀರು ನಿಲ್ಲುವಂತೆ ಹಾಕಿದರೆ ಕಬ್ಬಿಣಕ್ಕೆ ಅಂಟಿದ ರಂಜಕ ಬಿಡುಗಡೆಯಾಗಿ ಅಂಕಿ ಮೋಸ ಮಾಡುತ್ತದೆ.
5. ಎರಡು ಮತ್ತು ಎಂಟನೇ ವಾರದಲ್ಲಿ ಪ್ರತಿ ಡಬ್ಬಿಯಿಂದ 100 ಗ್ರಾಂ ತೆಗೆದು ಓಲ್ಸೆನ್ ಪರೀಕ್ಷೆಗೆ ಕಳಿಸಿ. ಮಣ್ಣು ತೆಗೆದ ಮೇಲೆ ಡಬ್ಬಿಯ ಹೊಸ ತೂಕ ಬರೆದುಕೊಳ್ಳಿ.

ಏನೂ ಹಾಕದ ಡಬ್ಬಿಗಳ ಸರಾಸರಿ 8.2, ಗೊಬ್ಬರದ್ದು 11.4, ಕರಗುವ ಗೊಬ್ಬರದ್ದು 12.2 ಬಂತೆನ್ನಿ. ಏರಿಕೆ ಕ್ರಮವಾಗಿ 3.2 ಮತ್ತು 4.0. ಅಂದರೆ ನಿಮ್ಮ ಗೊಬ್ಬರದ ರಂಜಕ ರಸಗೊಬ್ಬರದ ಶೇ 80ರಷ್ಟು ಕೆಲಸ ಮಾಡುತ್ತಿದೆ. ಕರಗುವ ಗೊಬ್ಬರದ 9.4ರಲ್ಲೇ 4.0 ಮಾತ್ರ ಉಳಿದಿದೆ ಎಂಬುದನ್ನೂ ಗಮನಿಸಿ. ಉಳಿದದ್ದನ್ನು ಮಣ್ಣು ಹಿಡಿದಿಟ್ಟುಕೊಂಡಿದೆ. ಈ ಎರಡನೆಯ ಅಂಕಿ ಗೊಬ್ಬರದ ಗುಣವಲ್ಲ, ಮಣ್ಣಿನ ಗುಣ. ಕೆಂಪು ಜಿಗುಟು ಮಣ್ಣು ಅಥವಾ ಸುಣ್ಣದ ಮಣ್ಣಾದರೆ ಏರಿಕೆ ತೀರಾ ಚಿಕ್ಕದಾಗಿ ಪರೀಕ್ಷೆಯ ಸಹಜ ವ್ಯತ್ಯಾಸದಲ್ಲೇ ಮುಚ್ಚಿಹೋಗಬಹುದು. ಆಗ ಗೊಬ್ಬರ, ದ್ರಾವಣ ಎರಡನ್ನೂ ಮೂರು ಪಟ್ಟು ಹಾಕಿ ಮಾಡಿ.

ಹಂತ 6: ಹೊಲಕ್ಕೆ ಹಾಕುವುದು

ಕಳಿತ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಹರಡಿ, ಅದೇ ದಿನ 10–15 ಸೆಂ.ಮೀ. ಆಳಕ್ಕೆ ಬೆರೆಸಿ. ಮೇಲೆಯೇ ಬಿಟ್ಟರೆ ಅಮೋನಿಯಾ ಹಾರಿಹೋಗುತ್ತದೆ, ರಂಜಕ ಬೇರಿನ ಕೈಗೆ ಸಿಗದೆ ಉಳಿಯುತ್ತದೆ. ಜೋರು ಮಳೆಯ ಸೂಚನೆ ಇದ್ದರೆ ಹರಡಲೇಬೇಡಿ. ನಿಂತ ನೀರಿನಲ್ಲಿ ಪಾಚಿ ಉಕ್ಕಲು ಲೀಟರಿಗೆ ಮಿಲಿಗ್ರಾಂನ ನೂರನೇ ಕೆಲವು ಭಾಗದಷ್ಟು ರಂಜಕ ಸಾಕು. ಹೊಲಕ್ಕೆ ನಷ್ಟವೇ ಅಲ್ಲ ಎನಿಸುವಷ್ಟು ಚಿಕ್ಕ ಪ್ರಮಾಣ ಕೆರೆಯನ್ನು ಕೆಡಿಸುತ್ತದೆ. ಹಳ್ಳ, ಬಾವಿಗಳ ಸುತ್ತ ಗೊಬ್ಬರ ಹಾಕದ ಹುಲ್ಲಿನ ಪಟ್ಟಿ ಬಿಡಿ.

ಗೊಬ್ಬರ ಕಡಿಮೆಯಿದ್ದು ಮಣ್ಣು ರಂಜಕವನ್ನು ಗಟ್ಟಿಯಾಗಿ ಹಿಡಿಯುವಂಥದ್ದಾದರೆ ಇಡೀ ಹೊಲಕ್ಕೆ ಎರಚಬೇಡಿ, ಸಾಲಿನಲ್ಲಿ ಹಾಕಿ. ಕೋಳಿ ಗೊಬ್ಬರ ಬೀಜಕ್ಕೆ ತಗಲದಂತೆ ಕನಿಷ್ಠ 5 ಸೆಂ.ಮೀ. ಪಕ್ಕಕ್ಕಿರಲಿ, ಇಲ್ಲದಿದ್ದರೆ ಅಮೋನಿಯಾದಿಂದ ಮೊಳಕೆ ಸುಡುತ್ತದೆ. ಮರಗಳಿಗೆ ಕಾಂಡದ ಬುಡದಲ್ಲಿ ಸುರಿಯದೆ, ರೆಂಬೆಗಳ ಅಂಚಿನ ಕೆಳಗೆ ಉಂಗುರದಂತೆ ಹಾಕಿ.

ಗೊಬ್ಬರಕ್ಕೆ ಸುಣ್ಣ ಬೆರೆಸಿ ಒಟ್ಟಿಗೆ ಹಾಕುವುದು ತಪ್ಪು. ಸಾರಜನಕ ಅಮೋನಿಯಾ ಆಗಿ ಹೋಗುತ್ತದೆ, ರಂಜಕ ಕ್ಯಾಲ್ಸಿಯಂ ಜೊತೆ ಕೂಡುತ್ತದೆ. ಹುಳಿ ಮಣ್ಣಿಗೆ ಸುಣ್ಣ ಬೇಕೇ ಬೇಕು, ಆದರೆ ಅದನ್ನು ಕೆಲವು ವಾರ ಮೊದಲೇ ಪ್ರತ್ಯೇಕವಾಗಿ ಬೆರೆಸಿ. ಶಿಲಾರಂಜಕವನ್ನು (ರಾಕ್ ಫಾಸ್ಫೇಟ್) ತಿಪ್ಪೆಗೆ ಸೇರಿಸಿ ಕಳಿಯಲು ಬಿಡುವುದು ಹುಳಿ ಮಣ್ಣಿನವರಿಗೆ ಉಪಯುಕ್ತ. ಸುಣ್ಣದ ಮಣ್ಣಿನಲ್ಲಿ ಅದು ಹೆಚ್ಚಾಗಿ ಕರಗದೆಯೇ ಉಳಿಯುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಗೊಬ್ಬರಗಳ ಫಲ ಹೊಲದಿಂದ ಹೊಲಕ್ಕೆ ಬಹಳ ಬದಲಾಗುತ್ತದೆ. ಅವನ್ನೇ ನಂಬಿ ಲೆಕ್ಕದಿಂದ ರಂಜಕ ಕಳೆಯಬೇಡಿ.

ತಿಪ್ಪೆಯಲ್ಲಿ ರಂಜಕ ಗಾಳಿಗೆ ಹೋಗುವುದಿಲ್ಲ, ನೀರಿಗೆ ಹೋಗುತ್ತದೆ. ತಿಪ್ಪೆಯಿಂದ ಹರಿಯುವ ಕಪ್ಪು ನೀರನ್ನು ಗುಂಡಿಯಲ್ಲಿ ಹಿಡಿದು ಮತ್ತೆ ಮೇಲೆ ಸುರಿಯಿರಿ, ಮಳೆಗೆ ಹೊದಿಕೆ ಹಾಕಿ. ಕಳಿಯುವಾಗ ಒಣತೂಕ ಅರ್ಧಕ್ಕಿಳಿದರೆ ರಂಜಕದ ಶೇಕಡಾ ಪ್ರಮಾಣ ಎರಡು ಪಟ್ಟಾಗುತ್ತದೆ. ಹಾಗಾಗಿ ಹಸಿ ಗೊಬ್ಬರದ ಲೆಕ್ಕವನ್ನು ಕಳಿತ ಗೊಬ್ಬರಕ್ಕೆ ಬಳಸಬಾರದು.

ಎಡವಟ್ಟಾದಾಗ ಹುಡುಕಬೇಕಾದ ಕಾರಣ

ಅಂಕಿ ಚೆನ್ನಾಗಿದ್ದೂ ಎಳೆಯ ಬೆಳೆಯ ಹಳೆಯ ಎಲೆಗಳು ನೇರಳೆಯಾದರೆ ಮೊದಲು ಬೇರು ನೋಡಿ. ತಣ್ಣನೆಯ ಮಣ್ಣು, ಗಟ್ಟಿ ಪದರ, ಬೇರುಹುಳು, ಒಣಗಿದ ಮೇಲ್ಪದರ ಇವು ರಂಜಕವಿದ್ದೂ ಇಲ್ಲದಂತೆ ಮಾಡುತ್ತವೆ. ಮಣ್ಣು ಬಿಸಿಯೇರಿದಾಗ ತಾನಾಗಿ ಸರಿಹೋದರೆ ಮತ್ತಷ್ಟು ಗೊಬ್ಬರ ಬೇಕಿಲ್ಲ.

ಗೊಬ್ಬರ ಧಾರಾಳವಾಗಿ ಕಂಡ ಹೊಲದಲ್ಲಿ ಮುಸುಕಿನ ಜೋಳದ ಹೊಸ ಎಲೆಯ ಬುಡದ ಕಡೆ, ನಡುನರದ ಇಕ್ಕೆಲದಲ್ಲಿ ಬಿಳಿಚಿದ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಅತಿಯಾದ ರಂಜಕ ಅದನ್ನು ತೀವ್ರಗೊಳಿಸುತ್ತದೆ. ಶೇ 0.5 ಸತುವಿನ ಸಲ್ಫೇಟನ್ನು ಅದರ ಅರ್ಧದಷ್ಟು ಸುಣ್ಣದ ತಿಳಿಯೊಂದಿಗೆ ಎಲೆಗೆ ಸಿಂಪಡಿಸಿ. ಅದೇ ಮಣ್ಣಿನಲ್ಲಿ ಮೈಕೋರೈಜಾ ಕೂಡ ಕುಗ್ಗಿರುತ್ತದೆ. ರಂಜಕ ಸುಲಭವಾಗಿ ಸಿಗುವಾಗ ಬೇರು ಆ ಶಿಲೀಂಧ್ರವನ್ನು ಪೋಷಿಸುವುದನ್ನು ಕಡಿಮೆ ಮಾಡುತ್ತದೆ.

ಮರಳು ಮಣ್ಣಿನಲ್ಲಿ 15 ಸೆಂ.ಮೀ.ಯ ಅಂಕಿ ಏರುವುದು ನಿಂತಿದ್ದರೆ ರಂಜಕ ಖರ್ಚಾಯಿತೆಂದು ತಿಳಿಯಬೇಡಿ. ಹಿಡಿಯುವ ಜಾಗ ತುಂಬಿ ಅದು ಕೆಳಗಿಳಿಯುತ್ತಿರಬಹುದು. ಗೊಬ್ಬರದ ಸಾವಯವ ರಂಜಕ ರಸಗೊಬ್ಬರದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ಅಂಥಲ್ಲಿ 30–60 ಸೆಂ.ಮೀ. ಪದರವನ್ನೂ ಪರೀಕ್ಷಿಸಿ.

ಮಿತಿ ಮೀರಿದ ಮಣ್ಣು

ಓಲ್ಸೆನ್ ಅಂಕಿಯನ್ನು ಒಂದು ಮಿಲಿಗ್ರಾಂ ಏರಿಸಲು ಮಣ್ಣಿಗೆ ತಕ್ಕಂತೆ ಹೆಕ್ಟೇರಿಗೆ 8ರಿಂದ 20 ಕಿಲೋ ಹೆಚ್ಚುವರಿ ರಂಜಕ ಬೇಕಾಗುತ್ತದೆ. ಇಳಿಸಲೂ ಸುಮಾರು ಅಷ್ಟನ್ನೇ ಬೆಳೆಯ ಮೂಲಕ ಹೊರತೆಗೆಯಬೇಕು. ಅಂಕಿ 80 ಇದೆ, 30ಕ್ಕೆ ತರಬೇಕು, ಮಿಲಿಗ್ರಾಮಿಗೆ 10 ಕಿಲೋ ಎಂದರೂ 500 ಕಿಲೋ ಆಯಿತು. ವರ್ಷಕ್ಕೆ 20 ಕಿಲೋ ಒಯ್ಯುವ ಬೆಳೆಗೆ 25 ವರ್ಷ ಬೇಕು. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೊಥಾಮ್‌ಸ್ಟೆಡ್‌ನ ಹೂಸ್‌ಫೀಲ್ಡ್ ಬಾರ್ಲಿ ಪ್ರಯೋಗದಲ್ಲಿ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಕಂಡ ತುಂಡು, ಗೊಬ್ಬರವನ್ನೇ ಕಾಣದ ತುಂಡಿಗಿಂತ ನೂರು ವರ್ಷ ಕಳೆದ ಮೇಲೂ ಹೆಚ್ಚು ಇಳುವರಿ ಕೊಟ್ಟಿದೆ.

ಅಂಕಿ 40 ದಾಟಿದ ಹೊಲಕ್ಕೆ ಗೊಬ್ಬರ ನಿಲ್ಲಿಸಿ, ದೂರದ ಹೊಲಕ್ಕೆ ಸಾಗಿಸಿ. ಸಾಗಣೆ ದುಬಾರಿಯಾದರೆ ಹಗುರವಾದ, ರಂಜಕ ಸಾಂದ್ರವಾದ ಕಳಿತ ಗೊಬ್ಬರವನ್ನು ದೂರಕ್ಕೂ, ಗಂಜಲವನ್ನು ಹತ್ತಿರಕ್ಕೂ ಬಳಸಿ. ಹತ್ತಿರದ ಹೊಲದಲ್ಲಿ ಪದೇಪದೇ ಕತ್ತರಿಸಿ ಒಯ್ಯುವ ಮೇವಿನ ಹುಲ್ಲು ಬೆಳೆಯಿರಿ, ಅದಕ್ಕೆ ಸಾರಜನಕ ಮತ್ತು ಪೊಟ್ಯಾಷ್ ಮಾತ್ರ ಕೊಡಿ. ಆ ಮೇವಿನ ಸಗಣಿ ಮರಳಿ ಅದೇ ಹೊಲಕ್ಕೆ ಬೀಳಬಾರದು. ಮೂರು ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಆಳ, ಅದೇ ಪರೀಕ್ಷಾ ವಿಧಾನದಲ್ಲಿ ಮಾದರಿ ಕಳಿಸಿ, ಹಾಕಿದ ಟನ್ನು ಮತ್ತು ಒಯ್ದ ಇಳುವರಿಯ ಪಕ್ಕದಲ್ಲೇ ಅಂಕಿಯನ್ನು ಬರೆದಿಡಿ.